ಆರನೆಯ ವಾರದ ಕಾಲಂ

ಕಣ್ಣಿನ ಪೊರೆ ಆಪರೇಷನ್ನಿನ ರಿಜಿಸ್ಟರಿನಲ್ಲಿ ಹೆಸರು, ಪ್ರಾಯ, ಊರು, ಬಲಗಣ್ಣೋ ಎಡಗಣ್ಣೋ, ಆಪರೇಷನ್ ಆದ ತಾರೀಕು, ಒಳಗಿಟ್ಟ ಲೆನ್ಸಿನ ಪವರು ಎಲ್ಲ ಬರೆದಾದ ಮೇಲೆ ಬಲತುದಿಯಲ್ಲಿ ಇನ್ನೊಂದು ಕಾಲಂ ಉಳಿಯುತ್ತದೆ. ಆರು ವಾರ ಕಳೆದ ಮೇಲೆ ಆ ಮನುಷ್ಯನಿಗೆ ಎಷ್ಟು ಕಾಣುತ್ತದೆ ಎಂದು ಬರೆಯುವ ಜಾಗ ಅದು. ದಕ್ಷಿಣ ಕನ್ನಡದ ತಾಲೂಕುಗಳಲ್ಲಿ, ಆಮೇಲೆ ಮಂಗಳೂರು ನಗರದಲ್ಲಿ ನೇತ್ರಾಧಿಕಾರಿಯಾಗಿ ದುಡಿದ ನನ್ನ ಕೈಯಲ್ಲಿ ಹಾದುಹೋದ ರಿಜಿಸ್ಟರುಗಳಲ್ಲಿ ಎಡಗಡೆಯ ಕಾಲಂಗಳೆಲ್ಲ ತುಂಬಿರುತ್ತಿದ್ದವು, ಬಲತುದಿಯದು ಮಾತ್ರ ಹೆಚ್ಚಾಗಿ ಖಾಲಿ. ಮಾರ್ಚ್ ತಿಂಗಳ ಕೊನೆಯ ಮೀಟಿಂಗಿನಲ್ಲಿ ಗುರಿ ಎಷ್ಟು, ಸಾಧನೆ ಎಷ್ಟು ಎಂದು ಕೇಳುತ್ತಿದ್ದರು. ಸಾಧನೆಯೆಂದರೆ ಆಪರೇಷನ್ನುಗಳ ಸಂಖ್ಯೆ. ಆ ಕೊನೆಯ ಕಾಲಮಿನ ಬಗ್ಗೆ ಯಾರಾದರೂ ಪ್ರಶ್ನೆ ಎತ್ತಿದ್ದು ನನ್ನ ನೆನಪಿನಲ್ಲಿ ತೀರಾ ಅಪರೂಪ.

ಸಂಖ್ಯೆಯ ಈ ಹಂಬಲ ಎಲ್ಲಿಂದ ಬಂತು ಎನ್ನುವುದು ನನಗೆ ಅರ್ಥವಾಗುತ್ತದೆ. ನಾನು ಕೆಲಸಕ್ಕೆ ಸೇರಿದ್ದು 1980ರ ದಶಕದ ಕೊನೆಗೆ. ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ 1976ರಲ್ಲೇ ಶುರುವಾಗಿತ್ತು. ಆದರೂ ಊರೂರಿನಲ್ಲಿ ಪೊರೆ ಬೆಳೆದು ಕುರುಡಾಗಿ ಮೂಲೆ ಹಿಡಿದ ಮುದುಕರು ಇದ್ದೇ ಇದ್ದರು. ಬಯಲುಸೀಮೆಯಿಂದ ವರ್ಗವಾಗಿ ಬಂದಿದ್ದ ಹಿರಿಯ ಸಹೋದ್ಯೋಗಿಯೊಬ್ಬರು ಡಾ. ಎಂ. ಸಿ. ಮೋದಿಯವರ ಶಿಬಿರಗಳನ್ನು ಕಣ್ಣಾರೆ ಕಂಡವರು. ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಮೋದಿಯವರು ದೇಶದ ಉದ್ದಗಲಕ್ಕೆ ತಿರುಗಿ ಬಡವರಿಗೆ ಉಚಿತವಾಗಿ ಪೊರೆ ತೆಗೆದವರು. 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಆಪರೇಷನ್ ಮಾಡಿದ ದಾಖಲೆ ಅವರದು. ಶಾಲೆಯ ಕೋಣೆಯಲ್ಲಿ ಮೇಜುಗಳ ಸಾಲು, ಒಂದು ಮೇಜಿನ ಮೇಲೆ ಕೈ ಕೆಲಸ ಮಾಡುತ್ತಿರುವಾಗಲೇ ಪಕ್ಕದ ಮೇಜಿಗೆ ಮುಂದಿನ ರೋಗಿ ಸಿದ್ಧ, ಹೊರಗೆ ಗಾಡಿಗಟ್ಟಲೆ ಜನ ಎಂದು ಆ ಸಹೋದ್ಯೋಗಿ ಹೇಳುವಾಗ ಅವರ ಸ್ವರ ಬದಲಾಗುತ್ತಿತ್ತು. ಡಾಕ್ಟರೇ ಇಲ್ಲದ ಕಾಲದಲ್ಲಿ ಡಾಕ್ಟರೇ ಜನರಿದ್ದಲ್ಲಿಗೆ ಹೋದದ್ದು ಸಣ್ಣ ಸಂಗತಿಯಲ್ಲ. ಅಂದಿನ ಮಟ್ಟಿಗೆ ಸಂಖ್ಯೆಯೇ ಸರಿಯಾದ ಅಳತೆ. ನಂತರ ಎಲ್ಲ ಬದಲಾದರೂ ನಾವು ಅಳತೆಗೋಲನ್ನು ಮಾತ್ರ ಬದಲಿಸಲಿಲ್ಲ ಎನ್ನುವುದು ನನ್ನ ದೂರು.

ಆಗಿನ ಆಪರೇಷನ್ ಈಗಿನವರಿಗೆ ಊಹಿಸಲು ಕಷ್ಟ. ಕಣ್ಣಿನ ಮಸೂರವನ್ನು ಪೂರ್ತಿಯಾಗಿ ಹೊರತೆಗೆಯುತ್ತಿದ್ದರು, ಅದರ ಜಾಗಕ್ಕೆ ಏನನ್ನೂ ಇಡುತ್ತಿರಲಿಲ್ಲ. ಗಾಯ ದೊಡ್ಡದು. ತಲೆ ಅಲ್ಲಾಡಬಾರದೆಂದು ಎರಡೂ ಬದಿಗೆ ಮರಳಿನ ಚೀಲ ಇಟ್ಟು ದಿನಗಟ್ಟಲೆ ಮಲಗಿಸುತ್ತಿದ್ದರು. ಕೆಮ್ಮಬಾರದು, ಸೀನಬಾರದು, ಬಗ್ಗಬಾರದು. ವಾರಗಳ ಮೇಲೆ ಹತ್ತು ಪವರಿನ ಕನ್ನಡಕ ಕೊಡುತ್ತಿದ್ದರು, ಶಿಬಿರಗಳಲ್ಲಾದರೆ ಎಲ್ಲರಿಗೂ ಒಂದೇ ಅಳತೆಯದು. ಆ ದಪ್ಪ ಗಾಜಿನ ಮೂಲಕ ಪ್ರಪಂಚ ಮೂರನೇ ಒಂದು ಭಾಗದಷ್ಟು ಹಿಗ್ಗಿ ಕಾಣುತ್ತದೆ. ಬಾಗಿಲ ಚೌಕಟ್ಟು ಬಾಗುತ್ತದೆ. ಚೆಂಬಿಗೆ ಕೈ ಚಾಚಿದರೆ ಚೆಂಬು ಅಲ್ಲಿರುವುದಿಲ್ಲ. ನಡೆಯುತ್ತಿರುವಾಗ ಪಕ್ಕದಿಂದ ಬಂದ ಮನುಷ್ಯ ಒಮ್ಮೆಗೇ ಎದುರು ಪ್ರತ್ಯಕ್ಷನಾಗುತ್ತಾನೆ. ಬಂಟ್ವಾಳದ ಕಡೆಯ ಒಬ್ಬ ಅಜ್ಜಿ ಕನ್ನಡಕ ತೆಗೆದು ಸೆರಗಿನಲ್ಲಿ ಸುತ್ತಿ ಇಟ್ಟುಕೊಂಡೇ ಪರೀಕ್ಷೆಗೆ ಬಂದಿದ್ದರು. ಯಾಕೆ ಹಾಕಿಕೊಳ್ಳುವುದಿಲ್ಲ ಎಂದು ಕೇಳಿದಾಗ, "ಹಾಕಿದ್ರೆ ಮೆಟ್ಲು ಇಳೀಲಿಕ್ಕೆ ಹೆದ್ರಿಕೆ ಆಗ್ತದೆ ಮಗಾ. ಒಡೆದು ಹೋದ್ರೆ ಯಾರು ತೆಗ್ಸಿ ಕೊಡುದು?" ಎಂದರು. ಮಳೆಗಾಲದಲ್ಲಿ ಅಂಗಳದ ಪಾಚಿಯಲ್ಲಿ ಜಾರಿ ಬಿದ್ದು ಕನ್ನಡಕ ಚೂರಾದವರು ಮತ್ತೆ ಕುರುಡರ ಲೆಕ್ಕಕ್ಕೇ ಸೇರುತ್ತಿದ್ದರು. ರಿಜಿಸ್ಟರಿನಲ್ಲಿ ಮಾತ್ರ ಅವರು ಯಶಸ್ವಿಯಾಗಿ ಮುಗಿದ ಕೇಸುಗಳು.

ಹಾಗೆ ನೋಡಿದರೆ ಇದಕ್ಕೆ ಪರಿಹಾರ ಲಂಡನ್ನಿನಲ್ಲಿ 1949ರಲ್ಲೇ ಸಿಕ್ಕಿತ್ತು. ಯುದ್ಧವಿಮಾನದ ಮುಚ್ಚಳದ ಅಕ್ರಿಲಿಕ್ ಚೂರುಗಳು ಪೈಲಟ್ಟುಗಳ ಕಣ್ಣೊಳಗೆ ಹೊಕ್ಕಿದ್ದರೂ ಕಣ್ಣು ಕೆರಳದೆ ಇದ್ದದ್ದನ್ನು ಗಮನಿಸಿದ ಹೆರಾಲ್ಡ್ ರಿಡ್ಲಿ, ಅದೇ ವಸ್ತುವಿನಿಂದ ಮಸೂರ ಮಾಡಿಸಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ರೋಗಿಯೊಬ್ಬರ ಕಣ್ಣೊಳಗೆ ಇಟ್ಟರು. ಅದು ನಮ್ಮ ಬಡವರ ತನಕ ಬರಲು ನಾಲ್ಕು ದಶಕ ಬೇಕಾಯಿತು. ಕಾರಣ ಬೆಲೆ. ಮದುರೆಯ ಅರವಿಂದ ಆಸ್ಪತ್ರೆಯವರು 1992ರಲ್ಲಿ ಅರೋಲ್ಯಾಬ್ ಕಟ್ಟಿ ಲೆನ್ಸನ್ನು ಇಲ್ಲಿಯೇ ತಯಾರಿಸತೊಡಗಿದ ಮೇಲೆ ವಿದೇಶದಿಂದ ಬರುತ್ತಿದ್ದಾಗಿನ ಬೆಲೆಯ ಸಣ್ಣದೊಂದು ಪಾಲಿಗೆ ಅದು ಸಿಗತೊಡಗಿತು. ಹೊಲಿಗೆಯಿಲ್ಲದ ಸಣ್ಣ ಗಾಯದ ಆಪರೇಷನ್ನೂ ರೂಢಿಗೆ ಬಂತು. ಶಾಲೆಯಲ್ಲಿ ಆಪರೇಷನ್ ಮಾಡುವುದು ನಿಂತು, ಊರಲ್ಲಿ ಪರೀಕ್ಷೆ, ಆಪರೇಷನ್ ಮಾತ್ರ ಆಸ್ಪತ್ರೆಯಲ್ಲಿ ಎನ್ನುವ ಕ್ರಮ ಬಂತು. ಬ್ಯಾಂಡೇಜು ಬಿಚ್ಚಿದ ಬೆಳಿಗ್ಗೆ ಕನ್ನಡಕವಿಲ್ಲದೆಯೇ ಬೆರಳು ಎಣಿಸಿ, ಎದುರಿನ ಗೋಡೆಯ ಗಡಿಯಾರ ನೋಡಿ, "ತೋಜುಂಡು, ತೋಜುಂಡು" (ಕಾಣುತ್ತದೆ, ಕಾಣುತ್ತದೆ) ಎಂದು ತುಳುವಿನಲ್ಲಿ ಕೂಗಿದ ಅಜ್ಜಂದಿರನ್ನು ನಾನು ನೋಡಿದ್ದೇನೆ. ನನ್ನ ವೃತ್ತಿಯಲ್ಲಿ ಅದಕ್ಕಿಂತ ದೊಡ್ಡ ಸಂತೋಷ ಇನ್ನೊಂದು ಇರಲಿಲ್ಲ.

ಮಂಗಳೂರಿನಲ್ಲಿ ಆಸ್ಪತ್ರೆಗಳಿಗೆ ಬರವಿಲ್ಲ. ಹಂಪನಕಟ್ಟೆಯ ವೆನ್ಲಾಕ್ ಬ್ರಿಟಿಷರ ಕಾಲದ್ದು. ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಮರದಡಿಯಲ್ಲಿ ಮದ್ದು ಕೊಡಲು ಕೂತದ್ದೇ ಮುಂದೆ ದೊಡ್ಡ ಸಂಸ್ಥೆಯಾಯಿತೆಂದು ಇಲ್ಲಿನ ಹಿರಿಯರು ಹೇಳುತ್ತಾರೆ. ಕಸ್ತೂರ್ಬಾ ಮೆಡಿಕಲ್ ಕಾಲೇಜು (ಕೆಎಂಸಿ) 1955ರಲ್ಲಿ ಇಲ್ಲಿಗೆ ಬಂದು ಅದರ ವಿದ್ಯಾರ್ಥಿಗಳು ವೆನ್ಲಾಕಿನ ವಾರ್ಡುಗಳಲ್ಲೇ ಕಲಿತರು. ದೇರಳಕಟ್ಟೆಯ ಗುಡ್ಡದ ಮೇಲೆ ಮೆಡಿಕಲ್ ಕಾಲೇಜುಗಳು ಒಂದರ ಪಕ್ಕ ಒಂದು ಎದ್ದವು. ಇಷ್ಟೆಲ್ಲ ಇರುವ ಊರಿನ ಹೊರವಲಯದಲ್ಲಿ, ಬಸ್ಸಿಳಿದರೆ ಆಸ್ಪತ್ರೆ ಎನ್ನುವಷ್ಟು ಹತ್ತಿರದಲ್ಲಿ ಎರಡೂ ಕಣ್ಣು ಪೊರೆ ಕಟ್ಟಿ ಕೂತ ಹೆಂಗಸರು ಸಿಗುತ್ತಿದ್ದರು. ದುಡ್ಡಿಲ್ಲದ್ದು ಒಂದು ಕಾರಣ ನಿಜ. ಅದಕ್ಕಿಂತ ಆಳದ ಕಾರಣವೊಂದನ್ನು ನನಗೆ ತಿಳಿಸಿಕೊಟ್ಟವರು ತೊಕ್ಕೊಟ್ಟಿನಾಚೆಯ ಬೀಡಿ ಕಟ್ಟುವ ಒಬ್ಬ ಅಕ್ಕ.

ಮನೆಮನೆ ಭೇಟಿಗೆ ಹೋದಾಗ ಅವರು ಜಗಲಿಯಲ್ಲಿ ಗೆರಸೆ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಪಕ್ಕದಲ್ಲಿ ಮಗಳು. ಎಲೆ ಕತ್ತರಿಸುವುದು ಮಗಳು, ಹೊಗೆಸೊಪ್ಪು ತುಂಬಿ ಸುರುಳಿ ಸುತ್ತುವುದು ತಾಯಿ, ನೂಲು ಕಟ್ಟುವುದು ಮತ್ತೆ ಮಗಳು. ಸುತ್ತುವುದಕ್ಕೆ ಕಣ್ಣು ಬೇಡ, ಬೆರಳಿಗೆ ಗೊತ್ತಿರುತ್ತದೆ. ನೂಲಿಗೆ ಕಣ್ಣು ಬೇಕು. ಪೊರೆ ಇರಬಹುದೆಂದು ಟಾರ್ಚು ಹಾಕಿ ನೋಡಿದರೆ ಬಲಗಣ್ಣಿಗೆ ಆಗಲೇ ಆಪರೇಷನ್ ಆಗಿತ್ತು. ಲೆನ್ಸು ಅಚ್ಚುಕಟ್ಟಾಗಿ ಕೂತಿತ್ತು, ಗಾಯ ಮಾಸಿತ್ತು. ಯಾರೋ ಒಳ್ಳೆಯ ಕೈಯವರು ಮಾಡಿದ ಕೆಲಸ. ಗೋಡೆಗೆ ಚಾರ್ಟು ತೂಗಿಸಿ ಆರು ಮೀಟರು ದೂರದಲ್ಲಿ ನಿಲ್ಲಿಸಿದರೆ ಕೆಳಗಿನ ಸಾಲಿನ ತನಕ ತೋರಿಸಿದರು.

"ಅಕ್ಕ, ನಿಮ್ಗೆ ಚೆನ್ನಾಗಿ ಕಾಣ್ತದಲ್ಲ!"

"ಎಂತ ಕಾಣುದು ಮೇಡಂ? ಆಚೆ ಮನೆ ಮಾಡಿನ ಹಂಚು ಕಾಣ್ತದೆ. ಅದನ್ನು ನೋಡಿ ನಾನೆಂತ ಮಾಡುದು? ನೂಲು ಕಾಣುದಿಲ್ಲ. ಬೀಡಿ ಬ್ರಾಂಚಿನಲ್ಲಿ ನನ್ನ ಕಟ್ಟು ಸರಿಯಿಲ್ಲ ಅಂತ ಬದಿಗೆ ಇಡ್ತಾರೆ. ಆಪರೇಷನ್ ಮಾಡ್ಸಿ ಸುಮ್ನೆ ಆಯ್ತು."

ವಿಷಯ ಇಷ್ಟೇ. ಸಾಮಾನ್ಯವಾಗಿ ಇಡುವ ಲೆನ್ಸು ದೂರಕ್ಕೆ ಹೊಂದಿಸಿದ್ದು. ಹತ್ತಿರದ ಕೆಲಸಕ್ಕೆ ಎರಡೂವರೆ, ಮೂರು ಪವರಿನ ಓದುವ ಕನ್ನಡಕ ಬೇಕಾಗುತ್ತದೆ. ಆರನೆಯ ವಾರದ ಪರೀಕ್ಷೆಯಲ್ಲಿ ಅದನ್ನು ನೋಡಿ ಕೊಡುತ್ತಾರೆ. ಆ ದಿನಕ್ಕೆ ಅಕ್ಕ ಹೋಗಿರಲಿಲ್ಲ. ಆಪರೇಷನ್ನಿಗೆ ಜೀಪು ಬಂದು ಕರೆದುಕೊಂಡು ಹೋಗಿತ್ತು. ಆರನೆಯ ವಾರಕ್ಕೆ ಜೀಪು ಬರಲಿಲ್ಲ. ಬಸ್ಸಿನಲ್ಲಿ ಕರೆದೊಯ್ಯಲು ಮಗಳು ಒಂದು ದಿನದ ಬೀಡಿ ಬಿಡಬೇಕಿತ್ತು. ಬೀಡಿಗೆ ಸಾವಿರದ ಲೆಕ್ಕದ ಕೂಲಿ, ಕೂತರೆ ಉಂಟು, ಎದ್ದರೆ ಇಲ್ಲ. ಓದುವ ಕನ್ನಡಕ ಅಂತ ಹೇಳಿದ್ದರೂ ಅವರಿಗೆ ಅದು ತಟ್ಟಿರಲಿಕ್ಕಿಲ್ಲ, ಯಾಕೆಂದರೆ ಅವರು ಓದುವವರಲ್ಲ. ಬೀಡಿ ಕಟ್ಟುವ, ಅಕ್ಕಿಯ ಕಲ್ಲು ಆರಿಸುವ, ಮೀನಿನ ಮುಳ್ಳು ಬಿಡಿಸುವ ಕನ್ನಡಕ ಎಂದು ಹೇಳಬೇಕಿತ್ತು.

ಚೀಲದಲ್ಲಿದ್ದ ಪರೀಕ್ಷೆಯ ಕನ್ನಡಕಕ್ಕೆ ಗಾಜು ಹಾಕಿ ಅವರ ಮೂಗಿಗೇರಿಸಿದೆ. ಅಕ್ಕ ನೂಲಿನ ತುದಿ ಹಿಡಿದು ಎರಡು ಸುತ್ತು ಸುತ್ತಿ ಗಂಟು ಹಾಕಿದರು. ಮತ್ತೊಂದಕ್ಕೆ ಹಾಕಿದರು. ಮಾತಾಡದೆ ಗೆರಸೆಯಲ್ಲಿದ್ದ ಸುರುಳಿಗಳಿಗೆಲ್ಲ ನೂಲು ಕಟ್ಟತೊಡಗಿದರು. ಮಗಳು ನನ್ನನ್ನು ನೋಡಿ ಅತ್ತುಬಿಟ್ಟಳು. ಆ ಕನ್ನಡಕ ಪರೀಕ್ಷೆಯದ್ದು, ವಾಪಸು ಕೊಡಬೇಕು, ನಿಮ್ಮದನ್ನು ಮಾಡಿಸಿ ತರುತ್ತೇನೆ ಎಂದು ಬಿಡಿಸಿಕೊಳ್ಳುವುದೇ ಕಷ್ಟವಾಯಿತು.

ಅದೇ ಸಂಜೆ ಆ ಕೇರಿಯ ಉಳಿದ ಮನೆಗಳನ್ನು ಸುತ್ತುವಾಗ ನನಗೆ ಇನ್ನೊಂದು ಸಂಗತಿ ತಿಳಿಯಿತು. ಪೊರೆ ಬಲಿತು ಬೆಳ್ಳಗಾದ ಕಣ್ಣಿನವರು ಅಲ್ಲಿ ಹಲವರಿದ್ದರು. ಯಾಕೆ ಆಪರೇಷನ್ನಿಗೆ ಬರುವುದಿಲ್ಲ ಎಂದರೆ ಎಲ್ಲರದೂ ಒಂದೇ ಉತ್ತರ: "ಆ ಮನೆಯವರು ಮಾಡ್ಸಿದ್ರಲ್ಲ ಮೇಡಂ. ಎಂತ ಕಂಡಿತು ಅವರಿಗೆ?" ಬ್ಯಾನರು, ಕರಪತ್ರ, ಜೀಪಿಗೆ ಕಟ್ಟಿದ ಮೈಕು ಏನು ಹೇಳಿದರೂ ಜನ ನೋಡುವುದು ಪಕ್ಕದ ಜಗಲಿಯನ್ನು. ಅಲ್ಲಿ ಕೂತವರಿಗೆ ನೂಲು ಕಾಣದಿದ್ದರೆ ಇಡೀ ಕೇರಿ ಆಸ್ಪತ್ರೆಯ ದಾರಿ ಬಿಡುತ್ತದೆ. ಆಪರೇಷನ್ ಸಿಗುವುದು ಒಂದು ಸಮಸ್ಯೆ, ಆಪರೇಷನ್ನಿನ ಫಲ ಇನ್ನೊಂದು ಸಮಸ್ಯೆ ಎಂದು ನಮ್ಮ ತರಬೇತಿಗಳಲ್ಲಿ ಬೇರೆ ಬೇರೆ ದಿನ ಪಾಠ ಮಾಡುತ್ತಿದ್ದರು. ಆ ಕೇರಿಯಲ್ಲಿ ಅವೆರಡೂ ಒಂದೇ ಆಗಿದ್ದವು. ಕನ್ನಡಕ ಬಂದ ಮೇಲೆ ಅಕ್ಕನೇ ನೆರೆಯ ಹೆಂಗಸರನ್ನು ಕರೆದುಕೊಂಡು ಆಸ್ಪತ್ರೆಗೆ ಬಂದರು. ತಮ್ಮ ಎಡಗಣ್ಣಿಗೂ ಮಾಡಿಸಿಕೊಂಡರು. ಯಾವ ಜೀಪೂ ಹೋಗಿರಲಿಲ್ಲ.

ಹೆದರಿಕೆ ಹಬ್ಬುವುದಕ್ಕೆ ದೂರವೂ ಅಡ್ಡಿಯಲ್ಲ. 2019ರ ಜುಲೈಯಲ್ಲಿ ಬೆಂಗಳೂರಿನ ಮಿಂಟೋ ಆಸ್ಪತ್ರೆಯಲ್ಲಿ ಪೊರೆಯ ಆಪರೇಷನ್ ಮಾಡಿಸಿಕೊಂಡ ಇಪ್ಪತ್ತಕ್ಕೂ ಹೆಚ್ಚು ಜನರ ಕಣ್ಣಿಗೆ ತೊಂದರೆಯಾಯಿತು, ಕೆಲವರ ದೃಷ್ಟಿ ಹೋಯಿತು. ಆಪರೇಷನ್ನಿನಲ್ಲಿ ಬಳಸಿದ ಔಷಧದಲ್ಲಿ ದೋಷವಿತ್ತೆಂಬ ವರದಿ ಬಂತು, ಸರ್ಕಾರ ಪರಿಹಾರ ಘೋಷಿಸಿತು, ನವೆಂಬರಿನಲ್ಲಿ ಪ್ರತಿಭಟನೆ, ವೈದ್ಯರ ಮುಷ್ಕರ ಎಲ್ಲ ನಡೆದವು. ಆ ತಿಂಗಳುಗಳಲ್ಲಿ ಮಂಗಳೂರಿನ ನಮ್ಮ ಹೊರರೋಗಿಗಳ ಸಾಲಿನಲ್ಲಿ "ಬೆಂಗ್ಳೂರಲ್ಲಿ ಕಣ್ಣು ಹೋಯ್ತಂತೆ ಅಲ್ವಾ?" ಎಂದು ಕೇಳದವರಿರಲಿಲ್ಲ. ತಾರೀಕು ಕೊಟ್ಟವರು ಬರಲಿಲ್ಲ. ಅವರಿಗೆ ಧೈರ್ಯ ಹೇಳಲು ನನ್ನ ಹತ್ತಿರ ಇರಬೇಕಾದದ್ದು ನಮ್ಮಲ್ಲಿ ಆಪರೇಷನ್ ಆದವರಿಗೆ ಎಷ್ಟು ಕಾಣುತ್ತಿದೆ ಎನ್ನುವ ಲೆಕ್ಕ. ಎಷ್ಟು ಆಪರೇಷನ್ ಆಗಿದೆ ಎಂಬ ಲೆಕ್ಕದಿಂದ ಹೆದರಿದವರಿಗೆ ಏನೂ ಪ್ರಯೋಜನವಿಲ್ಲ. ದೇಶದಲ್ಲಿ 2015ರಿಂದ 2019ರ ತನಕ ನಡೆದ ರಾಷ್ಟ್ರೀಯ ಸಮೀಕ್ಷೆ ಐವತ್ತು ದಾಟಿದವರಲ್ಲಿ ಶೇ. 1.99 ಮಂದಿ ಅಂಧರೆಂದು ಕಂಡುಕೊಂಡಿತು. ಅವರಲ್ಲಿ ಶೇ. 66ರಷ್ಟು ಜನರಿಗೆ ಕಾರಣ ಆಪರೇಷನ್ ಆಗದ ಪೊರೆ. ಇನ್ನು ಸುಮಾರು ಶೇ. 7ರಷ್ಟು ಜನರಿಗೆ ಕಾರಣ ಪೊರೆಯ ಆಪರೇಷನ್ನಿನ ತೊಡಕುಗಳೇ. ಈ ಎರಡನೆಯ ಅಂಕಿ ನಮ್ಮ ಮೀಟಿಂಗುಗಳಲ್ಲಿ ಓದಿ ಹೇಳಬೇಕಾದ ಅಂಕಿ.

ಎಲ್ಲ ತೊಡಕೂ ಚಾಕುವಿನಿಂದ ಬರುವುದಿಲ್ಲ. ನಮ್ಮ ಕರಾವಳಿಯಲ್ಲಿ ಶುಗರ್ ಕಾಯಿಲೆ ಇಲ್ಲದ ಮನೆ ಕಡಿಮೆ. ಅಂಥ ಎಷ್ಟೋ ಮಂದಿಯ ಕಣ್ಣಲ್ಲಿ ಪೊರೆಯ ಹಿಂದೆ ರೆಟಿನಾ ಹಾಳಾಗಿರುತ್ತದೆ. ಪೊರೆ ತೆಗೆದರೂ ಪೂರ್ತಿ ಬೆಳಕು ಬರುವುದಿಲ್ಲ. ಇದನ್ನು ಮುಂಚೆಯೇ ಮನೆಯವರ ಎದುರು ಕೂತು ಬಿಡಿಸಿ ಹೇಳಿದರೆ ಅವರು ಒಪ್ಪಿಕೊಳ್ಳುತ್ತಾರೆ. ಹೇಳದೆ ಆಪರೇಷನ್ ಮಾಡಿದರೆ ಡಾಕ್ಟರು ಕಣ್ಣು ಕೆಡಿಸಿದರು ಎನ್ನುತ್ತಾರೆ. ಅಡಿಕೆ ತೋಟದವರ ಕಥೆ ಬೇರೆ. ಆಟಿ ತಿಂಗಳ ಮಳೆ ನಡುವೆ ಕೊಳೆರೋಗಕ್ಕೆ ಮದ್ದು ಬಿಡುವಾಗ ಮೈಲುತುತ್ತು ಸುಣ್ಣದ ನೀರು ಕಣ್ಣಿಗೆ ಹಾರುತ್ತದೆ. ಸುಣ್ಣ ಕಣ್ಣಿನ ಕರಿಗುಡ್ಡೆಯನ್ನು ಸುಡುವುದು ನಿಮಿಷಗಳ ಮಾತು. ತಕ್ಷಣ ಕೊಡಗಟ್ಟಲೆ ನೀರು ಹಾಕಿ ತೊಳೆಯುವ ಬದಲು ಎಷ್ಟೋ ಮಂದಿ ನಂದಿಬಟ್ಟಲ ಹೂವಿನ ರಸ ಹಿಂಡಿಕೊಂಡು, ಮರುದಿನ ಬಸ್ಸು ಹತ್ತಿ ಬರುತ್ತಿದ್ದರು. ಅವರಿಗೆ ಬೇಕಾಗುವುದು ಸತ್ತವರ ಕಣ್ಣಿನಿಂದ ತೆಗೆದ ಕಾರ್ನಿಯಾ. 2021ರ ಅಕ್ಟೋಬರಿನಲ್ಲಿ ತೀರಿಕೊಂಡ ನಟ ಪುನೀತ್ ರಾಜಕುಮಾರ್ ಅವರ ಕಣ್ಣುಗಳಿಂದ ನಾರಾಯಣ ನೇತ್ರಾಲಯದವರು ಪದರ ಬೇರ್ಪಡಿಸಿ ನಾಲ್ವರಿಗೆ ದೃಷ್ಟಿ ಕೊಟ್ಟ ಮೇಲೆ, ಆ ತನಕ ಕಣ್ಣುದಾನದ ಮಾತೆತ್ತಿದರೆ ಮುಖ ತಿರುಗಿಸುತ್ತಿದ್ದ ಮನೆಗಳಲ್ಲೂ ಹುಡುಗರು ಫಾರಂ ಕೇಳಿ ಬಂದರು.

ಮಂಗಳೂರಿನ ಕಣ್ಣಾಸ್ಪತ್ರೆಗಳ ಸಾಲಿನಲ್ಲಿ ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕದವರು ಯಾವತ್ತೂ ಇರುತ್ತಾರೆ. 1956ರ ನವೆಂಬರ್ 1ರ ತನಕ ಅವರದೂ ನಮ್ಮದೂ ಒಂದೇ ಜಿಲ್ಲೆ. ನಡುವೆ ಕೇರಳದ ಗಡಿ ಬಂದ ಮೇಲೂ ಆಸ್ಪತ್ರೆಗೆ ಎಂದರೆ ಅವರಿಗೆ ಮಂಗಳೂರೇ. 2020ರ ಮಾರ್ಚ್ ಕೊನೆಗೆ ಕೊರೋನಾ ಲಾಕ್‌ಡೌನಿನಲ್ಲಿ ತಲಪಾಡಿಯ ಗಡಿ ಮುಚ್ಚಿತು. ಒಳದಾರಿಗಳಿಗೆ ಮಣ್ಣು ಸುರಿದರು. ಆಂಬ್ಯುಲೆನ್ಸಿನಲ್ಲಿ ಬಂದವರೂ ಗಡಿಯಿಂದ ಹಿಂದಿರುಗಬೇಕಾಯಿತು, ಹಲವರು ಚಿಕಿತ್ಸೆ ಸಿಗದೆ ತೀರಿಕೊಂಡರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ದಾರಿ ಬಿಡಬೇಕೆಂದಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, ಏಪ್ರಿಲ್ 7ರ ಹೊತ್ತಿಗೆ ತುರ್ತು ರೋಗಿಗಳನ್ನು ಬಿಡುವ ಕ್ರಮವೊಂದಕ್ಕೆ ಎರಡೂ ರಾಜ್ಯಗಳು ಒಪ್ಪಿದವು.

ಆದರೆ ಕಣ್ಣು ಹೋಗುತ್ತಿರುವವನನ್ನು ಯಾರೂ ತುರ್ತು ರೋಗಿ ಎನ್ನುವುದಿಲ್ಲ. ಮಂಜೇಶ್ವರದ ಕಡೆಯ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಶುಗರಿನಿಂದ ರೆಟಿನಾ ಊದಿಕೊಂಡು ತಿಂಗಳಿಗೊಮ್ಮೆ ಕಣ್ಣೊಳಗೆ ಇಂಜೆಕ್ಷನ್ ತೆಗೆದುಕೊಳ್ಳಲು ಬರುತ್ತಿದ್ದರು. ಅವರ ಫೋನು ಬಂದಾಗ ಏಪ್ರಿಲ್. "ಮೇಡಂ, ನಿಮ್ಮ ಆಸ್ಪತ್ರೆಗೆ ನಮ್ಮನೆಯಿಂದ ಒಂದು ಗಂಟೆಯ ದಾರಿ. ಈಗ ಯಾರ ಹತ್ತಿರ ಪಾಸು ಕೇಳುದು?" ಎಂದರು. ಪಾಸಿಗೆ ಅರ್ಜಿ ಹಾಕುವ ಕ್ರಮ ತಿಳಿದು ಹೇಳಿದೆ, ಪತ್ರ ಬರೆಸಿಕೊಟ್ಟೆ. ಅವರು ಬಂದು ಮುಟ್ಟುವ ಹೊತ್ತಿಗೆ ತಿಂಗಳುಗಳು ಕಳೆದಿದ್ದವು. ಆ ಕಣ್ಣಿನಲ್ಲಿ ಬದಿಯ ಬೆಳಕು ಉಳಿದಿತ್ತು, ನಡುವಿನ ನೋಟ ಹೋಗಿತ್ತು. ಅಕ್ಷರ ಕಾಣದು. ಮೇಷ್ಟ್ರು ಯಾರನ್ನೂ ಬೈಯಲಿಲ್ಲ. ಇನ್ನೊಂದು ಕಣ್ಣನ್ನಾದರೂ ಉಳಿಸಿಕೊಳ್ಳಲು ಯಾವ ಯಾವ ದಿನ ಬರಬೇಕೆಂದು ಕೇಳಿ ಕಾಗದದಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿಕೊಂಡು ಹೋದರು.

2021ರ ಮೇ ತಿಂಗಳಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಭೆ ಒಂದು ಹೊಸ ಅಳತೆಯನ್ನು ಒಪ್ಪಿತು. ಆಪರೇಷನ್ ಬೇಕಾದವರಲ್ಲಿ ಎಷ್ಟು ಮಂದಿಗೆ ಆಪರೇಷನ್ ಆಗಿ, ಆದವರಲ್ಲಿ ಎಷ್ಟು ಮಂದಿಗೆ ಚೆನ್ನಾಗಿ ಕಾಣುತ್ತಿದೆ ಎಂಬೆರಡನ್ನೂ ಸೇರಿಸಿ ಒಂದೇ ಅಂಕಿಯಾಗಿ ಲೆಕ್ಕ ಹಾಕುವ ಕ್ರಮ ಅದು. 2030ರೊಳಗೆ ಜಾಗತಿಕವಾಗಿ ಅದನ್ನು 30 ಶೇಕಡಾಂಶದಷ್ಟು ಮೇಲೆತ್ತುವುದು ಗುರಿ. ಕನ್ನಡಕದ ವಿಷಯದಲ್ಲಿ 40. ಆ ಸುದ್ದಿಯನ್ನು ಓದಿದಾಗ ನನಗೆ ಆ ಬೀಡಿ ಅಕ್ಕನ ಜಗಲಿ ನೆನಪಾಯಿತು. ನಿವೃತ್ತಿಯ ನಂತರ ಈಗ ಗೆಳತಿಯರ ಜೊತೆ ಸೇರಿ, ಆಪರೇಷನ್ ಆದವರಿಗೆ ಐದನೆಯ ವಾರ ಫೋನು ಮಾಡುವ ಕೆಲಸ ಇಟ್ಟುಕೊಂಡಿದ್ದೇನೆ. ಮದ್ದು ಬಿಡುತ್ತಿದ್ದೀರಾ, ಯಾರು ಬಿಡುತ್ತಾರೆ, ನಿಮ್ಮ ಕೆಲಸ ಯಾವುದು, ಅದು ಕಾಣುತ್ತದಾ ಎಂದು ಕೇಳುತ್ತೇವೆ. ತುಳು, ಬ್ಯಾರಿ, ಕೊಂಕಣಿ, ಮಲಯಾಳ ಬಲ್ಲವರು ನಮ್ಮಲ್ಲಿದ್ದಾರೆ. ಗಂಡಸರು ಹೆಚ್ಚಾಗಿ ಬರುತ್ತೇನೆ ಎನ್ನುತ್ತಾರೆ, ಬರುತ್ತಾರೆ. ಹೆಂಗಸರು ಯಾರನ್ನು ಕರೆದುಕೊಂಡು ಬರುವುದು ಎನ್ನುತ್ತಾರೆ.

ಅವರ ಮುಂದಿನ ಮಾತು ಬಸ್ಸಿನದು. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ಪುತ್ತೂರು, ಸುಳ್ಯ, ಧರ್ಮಸ್ಥಳ ಕಡೆಯಿಂದ ಕೆಎಸ್ಸಾರ್ಟಿಸಿ ಇದೆ, ಅಲ್ಲಿಯ ಅಜ್ಜಿಯರು ಆಧಾರ್ ಕಾರ್ಡು ತೋರಿಸಿ, ಜೊತೆಗೆ ಸೊಸೆಯನ್ನೋ ನೆರೆಮನೆಯವಳನ್ನೋ ಕರೆದುಕೊಂಡು ಆರನೆಯ ವಾರಕ್ಕೆ ಬರುತ್ತಿದ್ದಾರೆ. ನಮ್ಮ ಪಟ್ಟಿಯಲ್ಲಿ ಆ ವ್ಯತ್ಯಾಸ ಎದ್ದು ಕಾಣುತ್ತದೆ. ಮಂಗಳೂರು ನಗರದೊಳಗೆ, ಕಿನ್ನಿಗೋಳಿ, ಮೂಡುಬಿದಿರೆ, ಬಜ್ಪೆ ಕಡೆಗೆ ಓಡುವುದು ಬಹುತೇಕ ಖಾಸಗಿ ಬಸ್ಸು. ಅಲ್ಲಿ ಇಬ್ಬರ ಟಿಕೆಟ್ಟು, ಹೋಗಿ ಬರುವುದು ಎರಡೂ ಕೈಯಿಂದ. ತಲಪಾಡಿಯ ಆಚೆಯವರ ಕಾರ್ಡು ಬೇರೆ ರಾಜ್ಯದ್ದು, ಅವರಿಗೆ ಶಕ್ತಿಯೂ ಇಲ್ಲ, ಕರ್ನಾಟಕದ ನಿವಾಸಿಗಳಿಗೆಂದಿರುವ ಆರೋಗ್ಯ ಯೋಜನೆಯೂ ಇಲ್ಲ. ಆದ್ದರಿಂದ ಕನ್ನಡಕದ ಪರೀಕ್ಷೆಯನ್ನೇ ಅವರ ಊರಿಗೆ ಒಯ್ಯಿರಿ, ತಿಂಗಳಿಗೊಂದು ದಿನ ಮಂಜೇಶ್ವರದಲ್ಲಿ, ಒಂದು ದಿನ ಕಿನ್ನಿಗೋಳಿಯಲ್ಲಿ ಚಾರ್ಟು ತೂಗಿಸಿ ಎಂದು ನಾವು ಸಿಕ್ಕಿದ ಆಸ್ಪತ್ರೆಯವರಿಗೆಲ್ಲ ಹೇಳುತ್ತಿದ್ದೇವೆ. ಒಬ್ಬಿಬ್ಬರು ಒಪ್ಪಿದ್ದಾರೆ. ಹತ್ತಿರದ ನೋಟಕ್ಕೆ ಅಕ್ಷರದ ಕಾರ್ಡಿನ ಜೊತೆ ಒಂದು ನೂಲಿನ ಉಂಡೆಯನ್ನೂ ತನ್ನಿ ಎಂದು ಅವರಿಗೆ ಹೇಳಿದ್ದೇನೆ.